ಐವತ್ತು ಪದಗಳ ಹೊಸ್ತಿಲು

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ಮನೆಗೆ ಬಂದಿದ್ದ. ಆಸ್ಟ್ರೇಲಿಯದಲ್ಲಿ ವರ್ಷಕಾಲ ದುಡಿಯುತ್ತ, ದೇಶ ಸುತ್ತುತ್ತ ಇದ್ದುಬರುವ ವೀಸಾಕ್ಕೆ ಹೆಸರು ಕೊಟ್ಟಿದ್ದಾನಂತೆ. “ಮೊದಲು ಚೀಟಿ ಎತ್ತುತ್ತಾರೆ, ಸಾರ್. ಹೆಸರು ಬಂದರೆ ಇಂಗ್ಲಿಷು ಬರುತ್ತದೆಂದು ತೋರಿಸಬೇಕು” ಎಂದ.

ಆ ದೇಶದ ಹಳೆಯ ಪರೀಕ್ಷೆಯೊಂದು ನನಗೆ ನೆನಪಾಯಿತು. 1901ರ ವಲಸೆ ನಿರ್ಬಂಧ ಕಾಯಿದೆಯಂತೆ, ಬಂದಿಳಿದವನಿಗೆ ಯೂರೋಪಿನ ಯಾವುದಾದರೊಂದು ಭಾಷೆಯಲ್ಲಿ 50 ಪದಗಳ ಉಕ್ತಲೇಖನ ಕೊಡಬಹುದಾಗಿತ್ತು. ಭಾಷೆಯ ಆಯ್ಕೆ ಅಧಿಕಾರಿಯದು. ಬೇಡದವನಿಗೆ ಬಾರದ ಭಾಷೆ! ಕಾಯಿದೆಯಲ್ಲಿ ಬಣ್ಣದ ಸೊಲ್ಲಿಲ್ಲ. ತಡೆದದ್ದು ಮಾತ್ರ ಬಣ್ಣವನ್ನೇ. ರಾಜಕೀಯಕ್ಕೂ ಅದೇ ಅಸ್ತ್ರ. 1934ರಲ್ಲಿ ಹಲವು ಭಾಷೆ ಬಲ್ಲ ಪ್ರಾಗಿನ ಬರಹಗಾರ ಎಗೊನ್ ಕಿಶ್‌ಗೆ ಸ್ಕಾಟ್ಲೆಂಡಿನ ಗೇಲಿಕ್ ಕೊಟ್ಟರು. ಕಾಯಿದೆಯ ಅರ್ಥದಲ್ಲಿ ಅದು ಯೂರೋಪಿನ ಭಾಷೆಯಲ್ಲವೆಂದು ಅಲ್ಲಿನ ಉಚ್ಚ ನ್ಯಾಯಾಲಯವೇ ತೀರ್ಪಿತ್ತಿತು.

1958ರ ಕಾಯಿದೆ ಈ ಪರೀಕ್ಷೆಯನ್ನು ತೆಗೆದುಹಾಕಿತು. 1973ರಲ್ಲಿ ಬಣ್ಣ ನೋಡುವ ನೀತಿಯೂ ಕೊನೆಗೊಂಡಿತು. 1975ರಲ್ಲಿ ತರುಣರ ಈ ವೀಸಾ ಹುಟ್ಟಿದಾಗ ಅದು ಬ್ರಿಟನ್ನಿನಂಥ ಕೆಲವೇ ದೇಶಗಳವರಿಗಿತ್ತು. ಭಾರತದ ಸರದಿ ಬಂದದ್ದು 2024ರಲ್ಲಿ: 18ರಿಂದ 30ರ ವಯಸ್ಸಿನವರಿಗೆ ವರ್ಷಕ್ಕೆ 1000 ಸ್ಥಾನ.

ಸಾವಿರವೆಂದರೆ ನಮ್ಮ ಜನಸಂಖ್ಯೆಗೆ ಸಾಸಿವೆಯಷ್ಟು. ಆದರೂ ಅಧಿಕಾರಿಯ ಮರ್ಜಿಗಿಂತ ಚೀಟಿ ಮೇಲಲ್ಲವೆ? ಚೀಟಿ ಯಾರ ಮುಖವನ್ನೂ ನೋಡುವುದಿಲ್ಲ.

ನಾನೂ ತರಗತಿಯಲ್ಲಿ ಉಕ್ತಲೇಖನ ಕೊಟ್ಟವನೇ; ಹುಡುಗರು ತಪ್ಪದಿರಲೆಂದು ನಿಧಾನವಾಗಿ, ಎರಡೆರಡು ಸಲ ಓದುತ್ತಿದ್ದೆ. ತಪ್ಪಲೆಂದೇ ಓದಿದವರೂ ಇದ್ದರು ಎಂಬುದನ್ನು ಅವನಿಗೆ ಹೇಳಿದೆ. ಅವನು ನಕ್ಕ. ನನಗೆ ನಗು ಬರಲಿಲ್ಲ.