ಪ್ರಸೂತಿ ಶುಶ್ರೂಷೆ: ಒಂದು ವೃತ್ತಿಯ ಐತಿಹಾಸಿಕ ವಿವೇಚನೆ

ಶುಶ್ರೂಷಾ ಶಿಕ್ಷಣವನ್ನು ಮುಗಿಸಿ, ತಾಯಿ ಮತ್ತು ನವಜಾತ ಶಿಶುವಿನ ಆರೈಕೆಯನ್ನೇ ತಮ್ಮ ಕ್ಷೇತ್ರವನ್ನಾಗಿ ಆರಿಸಿಕೊಳ್ಳಬಯಸುವವರ ಮುಂದೆ ಇಂದು ಹಲವು ದಾರಿಗಳಿವೆ. ಎಂ.ಎಸ್‌ಸಿ. ತರಗತಿಯಲ್ಲಿ ಪ್ರಸೂತಿ ಶುಶ್ರೂಷೆಯೂ ಶಿಶು ಶುಶ್ರೂಷೆಯೂ ಬೇರೆ ಬೇರೆ ಶಾಖೆಗಳು. ನವಜಾತ ಶಿಶುವಿನ ಆರೈಕೆಗೆ ಪ್ರತ್ಯೇಕ ಡಿಪ್ಲೊಮಾ ಉಂಟು. ಹೆರಿಗೆಯನ್ನು ಸ್ವಂತ ಹೊಣೆಯಿಂದ ನಡೆಸುವ, ತಾಯಿ-ಮಗು ಇಬ್ಬರನ್ನೂ ನೋಡಿಕೊಳ್ಳುವ ಸೂಲಗಿತ್ತಿಯ ವೃತ್ತಿಯು ಮಾತ್ರ ಇವುಗಳ ಸಾಲಿಗೆ ಕೊನೆಯದಾಗಿ ಬಂದು ಸೇರಿತು. ಅತ್ಯಂತ ಪ್ರಾಚೀನವಾದ ವೃತ್ತಿಯೊಂದು ನಮ್ಮಲ್ಲಿ ಅತ್ಯಂತ ನೂತನವಾದ ಶಾಖೆಯಾಗಿ ಕಾಣಿಸಿಕೊಂಡುದಕ್ಕೆ ಕಾರಣವೇನೆಂಬುದು ವಿಚಾರಾರ್ಹವಾಗಿದೆ.

ಇಂಗ್ಲೆಂಡಿನಲ್ಲಿ 1902ರ ಶಾಸನವು ಸೂಲಗಿತ್ತಿಯರಿಗೆ ಪ್ರತ್ಯೇಕ ನೋಂದಣಿಯನ್ನೂ ಪ್ರತ್ಯೇಕ ಮಂಡಲಿಯನ್ನೂ ಕಲ್ಪಿಸಿತು. ದಾದಿಯರ ನೋಂದಣಿಯ ಶಾಸನ ಅಲ್ಲಿ ಬಂದುದು 1919ರಲ್ಲಿ. ಆದುದರಿಂದ ಅಲ್ಲಿ ಇವೆರಡೂ ಬೇರೆ ಬೇರೆ ವೃತ್ತಿಗಳಾಗಿಯೇ ಬೆಳೆದವು.

ಭಾರತದಲ್ಲಿ ನಡೆದುದು ಬೇರೆ. 1885ರಲ್ಲಿ ಸ್ಥಾಪಿತವಾದ ಲೇಡಿ ಡಫರಿನ್ ನಿಧಿಯು ಸ್ತ್ರೀಯರಿಗೆ ವೈದ್ಯಕೀಯ ನೆರವನ್ನು ಒದಗಿಸುವ ಕಾರ್ಯವನ್ನು ಕೈಗೊಂಡಿತು. 1903ರ ವಿಕ್ಟೋರಿಯಾ ಸ್ಮಾರಕ ವಿದ್ಯಾರ್ಥಿವೇತನ ನಿಧಿಯು ಹಳ್ಳಿಯ ಸೂಲಗಿತ್ತಿಯರಿಗೆ ತರಬೇತಿ ಕೊಡಲೆತ್ನಿಸಿತು. ಆದರೆ ಶಾಸನವು ಬಂದಾಗ ಎರಡು ವೃತ್ತಿಗಳೂ ಒಂದರಲ್ಲೇ ಸೇರಿದವು. ಮದರಾಸಿನ 1926ರ ಶಾಸನವು ದಾದಿಯರಿಗೂ ಸೂಲಗಿತ್ತಿಯರಿಗೂ ಒಟ್ಟಾಗಿ ಆದುದು. ಆಗ ಆ ಪ್ರಾಂತದಲ್ಲಿದ್ದ ದಕ್ಷಿಣ ಕನ್ನಡ ಮತ್ತು ಬಳ್ಳಾರಿ ಜಿಲ್ಲೆಗಳೂ ಅದರ ವ್ಯಾಪ್ತಿಗೆ ಒಳಪಟ್ಟಿದ್ದವು. 1947ರ ಭಾರತೀಯ ಶುಶ್ರೂಷಾ ಪರಿಷತ್ತಿನ ಶಾಸನವೂ ಇದೇ ಜಾಡನ್ನು ಹಿಡಿಯಿತು.

ಈ ಸಂಯೋಗಕ್ಕೆ ಬಲವಾದ ಕಾರಣವಿತ್ತೆಂಬುದನ್ನು ನಾವು ಮರೆಯಲಾಗದು. 1946ರ ಭೋರ್ ಸಮಿತಿಯ ವರದಿಯ ಪ್ರಕಾರ ಬ್ರಿಟಿಷ್ ಭಾರತದಲ್ಲಿ ಇದ್ದ ದಾದಿಯರು ಸುಮಾರು 7,000, ಸೂಲಗಿತ್ತಿಯರು ಸುಮಾರು 5,000. ಎಂದರೆ ಅರವತ್ತು ಸಾವಿರ ಜನಕ್ಕೆ ಒಬ್ಬ ಸೂಲಗಿತ್ತಿ. ಇಂಥ ಕೊರತೆಯಲ್ಲಿ ಒಬ್ಬಳಿಗೇ ಎರಡು ವಿದ್ಯೆಗಳನ್ನೂ ಕಲಿಸುವುದು ಮಿತವ್ಯಯದ ಮಾರ್ಗವಾಗಿ ತೋರಿದ್ದು ಸಹಜ.

ಆದರೆ ಇದರಿಂದ ನಷ್ಟವೂ ಆಯಿತು. ಆಸ್ಪತ್ರೆಯಲ್ಲಿ ಸೂಲಗಿತ್ತಿಯ ವಿದ್ಯೆಯು ವೈದ್ಯರ ಅಧೀನದ ಕಾರ್ಯವಾಯಿತು. ಹಳ್ಳಿಗಳಿಗೆಂದು ಏರ್ಪಟ್ಟ ಸಹಾಯಕ ದಾದಿ-ಸೂಲಗಿತ್ತಿಯು 1973ರ ಕರ್ತಾರ್ ಸಿಂಗ್ ಸಮಿತಿಯ ಶಿಫಾರಸಿನ ಬಳಿಕ ಬಹೂದ್ದೇಶ ಆರೋಗ್ಯ ಕಾರ್ಯಕರ್ತೆಯಾದಳು; 1977ರಲ್ಲಿ ಅವಳ ತರಬೇತಿಯ ಅವಧಿಯು ಎರಡು ವರ್ಷದಿಂದ 18 ತಿಂಗಳಿಗೆ ಇಳಿಯಿತು. ಕುಟುಂಬ ಯೋಜನೆ, ಲಸಿಕೆ ಮುಂತಾದ ಕೆಲಸಗಳು ಸೇರಿದಂತೆ ಹೆರಿಗೆಗೆ ಸಿಗುವ ಸಮಯ ಕಡಮೆಯಾಯಿತು. ಬಿರುದಿನಲ್ಲಿ ಸೂಲಗಿತ್ತಿಯ ಹೆಸರು ಉಳಿಯಿತು, ವೃತ್ತಿ ಕ್ಷೀಣಿಸಿತು.

2018ರಲ್ಲಿ ಕೇಂದ್ರ ಸರ್ಕಾರವು ಹೊರಡಿಸಿದ ಮಾರ್ಗಸೂಚಿಯು ಈ ಪ್ರವಾಹವನ್ನು ತಿರುಗಿಸುವ ಯತ್ನವಾಗಿದೆ. ಅದರಂತೆ ಅನುಭವವುಳ್ಳ ದಾದಿಯರಿಗೆ 18 ತಿಂಗಳ ವಿಶೇಷ ತರಬೇತಿಯನ್ನಿತ್ತು, ಸಹಜ ಹೆರಿಗೆಗಳನ್ನು ಅವರಿಗೇ ವಹಿಸಿ, ತೊಡಕುಳ್ಳವನ್ನು ವೈದ್ಯರಲ್ಲಿಗೆ ಕಳುಹಿಸುವ ವ್ಯವಸ್ಥೆಯನ್ನು ಉದ್ದೇಶಿಸಲಾಗಿದೆ.

ಮೇಲಿನ ಇತಿಹಾಸದಿಂದ ಒಂದು ಸಂಗತಿ ವಿಶದವಾಗುತ್ತದೆ. ನಮ್ಮ ದೇಶದಲ್ಲಿ ಸೂಲಗಿತ್ತಿಗೆ ತರಬೇತಿಯ ಯೋಜನೆಗಳು ಮೇಲಿಂದ ಮೇಲೆ ಹುಟ್ಟಿದವು. ಸ್ವಂತ ಅಧಿಕಾರ ಮತ್ತು ಅದಕ್ಕೆ ತಕ್ಕ ಹುದ್ದೆ ಮಾತ್ರ ದೊರೆಯಲಿಲ್ಲ. ಆದಕಾರಣ ಈ ಕ್ಷೇತ್ರವನ್ನು ಆರಿಸಿಕೊಳ್ಳುವವರು ಪಠ್ಯಕ್ರಮವನ್ನಷ್ಟೇ ಅಲ್ಲದೆ, ತರಬೇತಿಯ ಬಳಿಕ ಹೆರಿಗೆಯ ಕೋಣೆಯಲ್ಲಿ ತಮ್ಮ ನಿರ್ಧಾರಕ್ಕೆ ಬೆಲೆಯುಂಟೆ ಎಂಬುದನ್ನೂ ವಿಚಾರಿಸುವುದು ಉಚಿತ. ಹೊಸ ವ್ಯವಸ್ಥೆಯ ಸಾಫಲ್ಯವೂ ಈ ಪ್ರಶ್ನೆಯ ಉತ್ತರವನ್ನೇ ಅವಲಂಬಿಸಿದೆಯೆಂದು ನಾವು ಭಾವಿಸುತ್ತೇವೆ.