ಮಝಗಾಂವಿನ ಲಾಯದಿಂದ ಕೆಂಟಕಿಗೆ

19ನೇ ಶತಮಾನದ ಮುಂಬಯಿ ಅರಬ್ಬಿ ಕುದುರೆಗಳ ದೊಡ್ಡ ಪೇಟೆಯಾಗಿತ್ತು. ಬಸ್ರಾದಂಥ ಕೊಲ್ಲಿ ಬಂದರುಗಳಲ್ಲಿ ಹಡಗು ಹತ್ತಿದ ಕುದುರೆಗಳು ಇಲ್ಲಿ ಇಳಿದು ಭೆಂಡಿ ಬಜಾರಿನ ಅರಬ್ ವ್ಯಾಪಾರಿಗಳ ಲಾಯ ಸೇರುತ್ತಿದ್ದವು. ಸೇನೆಯವರು, ಸಂಸ್ಥಾನಿಕರು, ಬೈಕಲಾದ ಮೈದಾನದಲ್ಲಿ ರೇಸು ಓಡಿಸುವ ಶೋಕಿಯವರು ಅಲ್ಲಿ ಗಿರಾಕಿಗಳು. 1883ರಲ್ಲಿ ರೇಸು ಮಹಾಲಕ್ಷ್ಮಿಗೆ ಸ್ಥಳಾಂತರಗೊಂಡಿತು.

ಈ ಊರಿಗೆ 1846ರಲ್ಲಿ ಬಂದವರು ಇಸ್ಮಾಯಿಲಿ ಪಂಥದ ಇಮಾಮ್ ಹಸನ್ ಅಲಿ ಶಾ, ಅಂದರೆ ಮೊದಲನೆಯ ಆಗಾ ಖಾನ್. ಇರಾನಿನ ಕೆರ್ಮಾನ್ ಪ್ರಾಂತ್ಯದ ಅಧಿಕಾರಿಯಾಗಿದ್ದ ಅವರು ದೊರೆಯ ವಿರುದ್ಧ ದಂಗೆಯೆದ್ದು ಸೋತು, 1841ರಲ್ಲಿ ಅಫಘಾನಿಸ್ತಾನಕ್ಕೆ ದಾಟಿದ್ದರು. ನಡುವೆ ಕಲ್ಕತ್ತೆಯಲ್ಲಿ ಕೆಲಕಾಲ ಕಳೆದು 1848ರ ಕೊನೆಗೆ ಮುಂಬಯಿಯಲ್ಲೇ ನೆಲೆ ನಿಂತರು. ರಾಜ್ಯದಾಸೆ ಕೈಬಿಟ್ಟಿತು, ಕುದುರೆಯ ಹುಚ್ಚು ಬಿಡಲಿಲ್ಲ. ಮುಂಬಯಿ, ಪುಣೆ, ಬೆಂಗಳೂರುಗಳಲ್ಲಿ ಅವರ ಲಾಯಗಳಿದ್ದವು. ರೇಸಿನ ದಿನ ಮೈದಾನಕ್ಕೆ ತಪ್ಪದೆ ಬರುತ್ತಿದ್ದವರಲ್ಲಿ ಅವರೂ ಒಬ್ಬರು. 1881ರಲ್ಲಿ ತೀರಿಕೊಂಡ ಅವರ ಗೋರಿ ಮಝಗಾಂವಿನ ಹಸನಾಬಾದಿನಲ್ಲಿದೆ.

ಆಗ, ಮುಂದೆ ಮೂರನೆಯ ಆಗಾ ಖಾನ್ ಆದ ಮೊಮ್ಮಗ ಸುಲ್ತಾನ್ ಮೊಹಮ್ಮದ್ ಶಾನಿಗೆ ನಾಲ್ಕು ವರ್ಷವೂ ತುಂಬಿರಲಿಲ್ಲ. 1885ರಲ್ಲಿ ತಂದೆಯೂ ತೀರಿಕೊಂಡರು. ಹೀಗೆ ಎಂಟು ತುಂಬುವ ಮೊದಲೇ ಇಮಾಮ್ ಪದವಿಯ ಜೊತೆಗೆ ರೇಸಿನ ಕುದುರೆಗಳೂ ಬೇಟೆನಾಯಿಗಳೂ ಹುಡುಗನ ಪಾಲಿಗೆ ಬಂದವು. ತಾಯಿ ಖರ್ಚಿಗೆ ಕಡಿವಾಣ ಹಾಕಿ ಹೆಚ್ಚಿನವನ್ನು ಕೈಬಿಟ್ಟು, ಒಂದಷ್ಟು ಕುದುರೆಗಳನ್ನು ಮಾತ್ರ ಉಳಿಸಿಕೊಂಡರು. 1954ರಲ್ಲಿ ಪ್ರಕಟವಾದ ಮೂರನೆಯ ಆಗಾ ಖಾನರ ಆತ್ಮಕಥೆಯಲ್ಲಿ ಇಮಾಮ್ ಪದವಿ, ರಾಜಕಾರಣಗಳ ಜೊತೆ ಈ ಕುದುರೆಗಳಿಗೂ ಜಾಗವಿದೆ.

ಅಜ್ಜ ನೆಚ್ಚಿದ್ದು ಅರಬ್ಬಿ ತಳಿ; ಮೊಮ್ಮಗ ಯುರೋಪಿನಲ್ಲಿ ಕಟ್ಟಿದ್ದು ಥರೋಬ್ರೆಡ್ ತಳಿಯ ಲಾಯ. ಆದ್ದರಿಂದ ಮನೆತನದಲ್ಲಿ ಇಳಿದು ಬಂದದ್ದು ಕುದುರೆಯ ರಕ್ತವಲ್ಲ, ಕುದುರೆಯನ್ನು ಅಳೆಯುವ ಕಣ್ಣು ಎನ್ನಬೇಕು. 1922ರಲ್ಲಿ 9,100 ಗಿನಿ ಕೊಟ್ಟು ಕೊಂಡ ಬೂದು ಬಣ್ಣದ ಹೆಣ್ಣುಮರಿ ಮುಮ್ತಾಜ್ ಮಹಲ್ ಇದಕ್ಕೆ ಸಾಕ್ಷಿ. ರೇಸಿನಲ್ಲಿ ಅದರ ವೇಗ ಹೆಸರಾಯಿತು, ನಿಜ. ಆದರೆ ನಿಜವಾದ ಬೆಲೆ ತಿಳಿದದ್ದು ಅದರ ಸಂತತಿಯಲ್ಲಿ. ಒಬ್ಬ ಮಗಳ ಮಗ ಮಹಮೂದ್ 1936ರ ಇಂಗ್ಲಿಷ್ ಡರ್ಬಿ ಗೆದ್ದ. ಇನ್ನೊಬ್ಬ ಮಗಳು ಮುಮ್ತಾಜ್ ಬೇಗಂ 1940ರಲ್ಲಿ ನಸ್ರುಲ್ಲಾನನ್ನು ಈದಳು. ಬ್ಲೆನಿಮ್, ಬಹ್ರಾಮ್, ಮೈ ಲವ್, ಟುಲ್ಯಾರ್ ಸೇರಿ ಐದು ಸಲ ಡರ್ಬಿ ಆಗಾ ಖಾನರದಾಯಿತು.

1936ರಲ್ಲಿ ಬ್ಲೆನಿಮ್, 1940ರಲ್ಲಿ ಮಹಮೂದ್ ಮತ್ತು ಬಹ್ರಾಮ್ ಅಮೆರಿಕಕ್ಕೆ ಮಾರಾಟವಾದವು. ಇಷ್ಟು ಒಳ್ಳೆಯ ಬೀಜದ ಕುದುರೆಗಳನ್ನು ದೇಶದಾಚೆ ಕಳಿಸಿದ್ದಕ್ಕೆ ಇಂಗ್ಲೆಂಡಿನ ತಳಿಗಾರರು ಸಿಡಿಮಿಡಿಗೊಂಡರು. ಅವರ ಸಿಟ್ಟಿಗೆ ಕಾರಣವಿತ್ತು: ಬ್ಲೆನಿಮ್‌ನ ಮಗ ವರ್ಲವೇ 1941ರಲ್ಲಿ ಅಮೆರಿಕದ ಮೂರು ದೊಡ್ಡ ರೇಸುಗಳ ಟ್ರಿಪಲ್ ಕ್ರೌನ್ ಗೆದ್ದ. ನಸ್ರುಲ್ಲಾ ಕೂಡ 1950ರಲ್ಲಿ ಕೆಂಟಕಿಯ ಪ್ಯಾರಿಸ್ ಎಂಬ ಸಣ್ಣ ಊರಿನ ಬಳಿಯ ಕ್ಲೇಬೋರ್ನ್ ಫಾರ್ಮ್ ಸೇರಿದ. 1973ರಲ್ಲಿ ಟ್ರಿಪಲ್ ಕ್ರೌನ್ ಗೆದ್ದು, ಆ ಮೂರರಲ್ಲಿ ಕೊನೆಯ ರೇಸಿನಲ್ಲಿ ಎರಡನೆಯ ಕುದುರೆಯನ್ನು 31 ಕುದುರೆಯುದ್ದ ಹಿಂದೆ ಬಿಟ್ಟ ಸೆಕ್ರೆಟೇರಿಯಟ್, ಈ ನಸ್ರುಲ್ಲಾನ ಮೊಮ್ಮಗ.