ಘೋಡಿಯಾಘರಿನ ನೂರು ವರ್ಷ

ಗುಜರಾತಿಗೆ ಹೊಸದಾಗಿ ಬಂದ ಕನ್ನಡಿಗರು ‘ಘೋಡಿಯಾಘರ್’ ಎಂಬ ಫಲಕವನ್ನು ಕಂಡು, ಇದು ಕುದುರೆ ಲಾಯವಿರಬೇಕೆಂದು ಭಾವಿಸುವುದುಂಟು. ‘ಘೋಡೋ’ ಎಂದರೆ ಕುದುರೆ, ಸರಿಯೇ. ಆದರೆ ‘ಘೋಡಿಯು’ ಎಂದರೆ ತೊಟ್ಟಿಲು. ಘೋಡಿಯಾಘರ್ ಎಂದರೆ ತೊಟ್ಟಿಲ ಮನೆ. ದುಡಿಯಲು ಹೋಗುವ ತಾಯಿ ತನ್ನ ಕೂಸನ್ನು ಹಗಲು ಹೊತ್ತು ಒಪ್ಪಿಸಿ ಹೋಗುವ ಜಾಗ. ಅಹಮದಾಬಾದಿನ ಪಶ್ಚಿಮಕ್ಕಿರುವ ಬೋಪಾಲ್ ಬಹುಕಾಲ ಒಂದು ಹಳ್ಳಿ. ಬಳಿಕ ಪಟ್ಟಣವಾಗಿ ಬೆಳೆದು, 2020ರಲ್ಲಿ ಮಹಾನಗರಪಾಲಿಕೆಗೆ ಸೇರಿತು. ಇಂದು ಅಲ್ಲಿಯ ವಸತಿ ಸಮುಚ್ಚಯಗಳಲ್ಲಿ ಗಂಡಹೆಂಡಿರಿಬ್ಬರೂ ಕೆಲಸಕ್ಕೆ ಹೋಗುವ ಸಂಸಾರಗಳು ತುಂಬಿವೆ, ನಮ್ಮವರೂ ಇದ್ದಾರೆ. ಅಜ್ಜಿ ಧಾರವಾಡದಲ್ಲೋ ಶಿವಮೊಗ್ಗದಲ್ಲೋ ಉಳಿದಿರುತ್ತಾಳೆ. ಆದ್ದರಿಂದ ತೊಟ್ಟಿಲ ಮನೆ ನಮಗೂ ಬೇಕಾಗಿದೆ. ಅದರ ಹಿಂದಿನ ಕಥೆ ಏನೆಂಬುದನ್ನು ನಾವು ಒಮ್ಮೆ ತಿಳಿದುಕೊಳ್ಳುವುದು ಒಳ್ಳೆಯದು. ಏಕೆಂದರೆ ಈ ಕಥೆಯ ಬಹುಭಾಗ ನಡೆದದ್ದು ಇದೇ ಊರಿನಲ್ಲಿ, ಇದೇ ಸೀಮೆಯಲ್ಲಿ.

ಅಹಮದಾಬಾದಿನಲ್ಲಿ ಮೊದಲ ಹತ್ತಿಬಟ್ಟೆ ಗಿರಣಿಯನ್ನು ರಣಛೋಡಲಾಲ್ ಛೋಟಾಲಾಲ್ ಅವರು 1861ರಲ್ಲಿ ಆರಂಭಿಸಿದರು. ಅಲ್ಲಿಂದ ಮುಂದೆ ಗಿರಣಿಗಳ ಚಿಮಣಿಗಳು ಒಂದೊಂದಾಗಿ ಎದ್ದು, ಊರಿಗೆ ‘ಪೂರ್ವದ ಮ್ಯಾಂಚೆಸ್ಟರ್’ ಎಂಬ ಹೆಸರು ಬಂತು. ಗಿರಣಿಯೊಳಗೆ ಹೆಂಗಸರೂ ದುಡಿದರು. 1891ರ ಕಾರ್ಖಾನೆ ಕಾಯ್ದೆ ಅವರ ದುಡಿಮೆಗೆ ದಿನಕ್ಕೆ 11 ಗಂಟೆಗಳ ಮಿತಿ ಹಾಕಿತು. ಇದು ಆ ಕಾಲಕ್ಕೆ ದೊಡ್ಡ ಸುಧಾರಣೆಯೆನಿಸಿತು! ಹನ್ನೊಂದು ಗಂಟೆ ತಾಯಿ ಸಾಲೆಯಲ್ಲಿದ್ದರೆ ಹಾಲು ಕುಡಿಯುವ ಕೂಸಿನ ಗತಿಯೇನು? ಕೆಲವರು ಅದನ್ನು ಗಿರಣಿಗೇ ತಂದು, ಹತ್ತಿಯ ಧೂಳಿನ ನಡುವೆ ಯಂತ್ರದ ಪಕ್ಕ ಮಲಗಿಸುತ್ತಿದ್ದರು. ಕೆಲವರು ನೆರೆಮನೆಯ ಮುದುಕಿಯ ಬಳಿಯೋ ಆರೇಳು ವರ್ಷದ ಅಕ್ಕನ ಬಳಿಯೋ ಬಿಟ್ಟು ಹೋಗುತ್ತಿದ್ದರು.

ಇವರೆಲ್ಲರಿಗೂ ನೆರವಾದದ್ದು ‘ಬಾಳಾಗೋಳಿ’. ಕೇಳಲು ಮುದ್ದಾದ ಹೆಸರು. ಆದರೆ ಅದು ಅಫೀಮು ಬೆರೆಸಿದ ಗುಳಿಗೆ. ಬೆಳಿಗ್ಗೆ ಒಂದನ್ನು ಕೊಟ್ಟರೆ ಕೂಸು ಅಳದೆ ಮಲಗಿರುತ್ತಿತ್ತು. ಅಂದು ಗುಜರಾತೂ ಮುಂಬಯಿ ಪ್ರಾಂತಕ್ಕೆ ಸೇರಿದ್ದಿತಷ್ಟೆ. ಆ ಪ್ರಾಂತದ ಸರ್ಕಾರ ನೇಮಿಸಿದ್ದ ವೈದ್ಯೆ ಡಾ. ಬಾರ್ನ್ಸ್ ಎಂಬವರು 1922ರಲ್ಲಿ ಮುಂಬಯಿಯ ಕಾರ್ಮಿಕ ತಾಯಂದಿರ ಸ್ಥಿತಿಯನ್ನು ಪರಿಶೀಲಿಸಿ, ಅವರ ಶಿಶುಗಳಲ್ಲಿ ನೂರಕ್ಕೆ 98ಕ್ಕೆ ಅಫೀಮು ಕೊಡಲಾಗುತ್ತಿದೆಯೆಂದು ವರದಿ ಮಾಡಿದರು.

ವಿಜ್ಞಾನ ಓದಿದವರಿಗೆ ಇದರ ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. ಅಫೀಮಿನಲ್ಲಿರುವ ಮಾರ್ಫಿನ್ ಉಸಿರಾಟವನ್ನು ನಿಯಂತ್ರಿಸುವ ಮಿದುಳಿನ ಭಾಗವನ್ನು ಮಂದಗೊಳಿಸುತ್ತದೆ. ಎಳೆಯ ಶಿಶುವಿನ ಯಕೃತ್ತು ಅದನ್ನು ಬೇಗ ಕರಗಿಸಿ ಹೊರಹಾಕಲಾರದು. ಹಸಿವೆಯೂ ಅಡಗುತ್ತದೆ; ಹಸಿವಿಲ್ಲದ ಕೂಸು ಹಾಲು ಕೇಳುವುದಿಲ್ಲ; ಹಾಲಿಲ್ಲದೆ ಸೊರಗುತ್ತದೆ. ಹೀಗೆ ಸೊರಗಿದ ಕೂಸನ್ನು ಕಂಡು ‘ಪಾಪ, ಎಷ್ಟು ಸಾಧು’ ಎಂದು ಮೆಚ್ಚಿದವರೂ ಇದ್ದಿರಬೇಕು. ತಾಯಿಯನ್ನು ಇಲ್ಲಿ ದೂಷಿಸುವಂತಿಲ್ಲ. ಅವಳಿಗೆ ಬೇರೆ ದಾರಿಯಿರಲಿಲ್ಲ. ಆದರೆ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು: ಕೂಸು ಸುಮ್ಮನಿದೆಯೆಂದ ಮಾತ್ರಕ್ಕೆ ಅದು ಕ್ಷೇಮವಾಗಿದೆಯೆಂದು ತಿಳಿಯಬಾರದು. ಶಿಶುಪಾಲನೆಯ ಇತಿಹಾಸದಲ್ಲಿ ಇದು ಮೊದಲ ಪಾಠ.

ಅಹಮದಾಬಾದಿನಲ್ಲಿ ಈ ಪಾಠವನ್ನು ಮನಗಂಡವರಲ್ಲಿ ಮೊದಲಿಗರು ಅನಸೂಯಾ ಸಾರಾಭಾಯಿ. ಗಿರಣಿ ಮಾಲೀಕರ ಮನೆತನದಲ್ಲಿ 1885ರಲ್ಲಿ ಹುಟ್ಟಿದ ಈಕೆ ಇಂಗ್ಲೆಂಡಿನಿಂದ ಮರಳಿದ ಬಳಿಕ ಕಾರ್ಮಿಕರ ಮಕ್ಕಳಿಗಾಗಿ ಶಾಲೆಯನ್ನೂ ಶಿಶುಗೃಹವನ್ನೂ ತೆರೆದರು. ಎಡೆಬಿಡದೆ 36 ಗಂಟೆ ದುಡಿದು ಮನೆಗೆ ಮರಳುತ್ತಿದ್ದ ಹೆಂಗಸರನ್ನು ಕಂಡದ್ದೇ ತಮ್ಮ ಜೀವನದ ದಿಕ್ಕನ್ನು ಬದಲಿಸಿತೆಂದು ಅವರು ಹೇಳಿಕೊಂಡಿದ್ದರು. 1918ರ ಮುಷ್ಕರದಲ್ಲಿ ಗಾಂಧೀಜಿಯವರ ಜೊತೆಗೆ, ಸ್ವಂತ ಸಹೋದರ ಅಂಬಾಲಾಲರ ಎದುರು ನಿಂತರು. 1920ರಲ್ಲಿ ಮಜೂರ್ ಮಹಾಜನ ಸಂಘ ಹುಟ್ಟಿತು.

ಬಳಿಕ ಕಾಯ್ದೆಯ ಸರದಿ. ವ್ಹಿಟ್ಲೆಯವರ ಅಧ್ಯಕ್ಷತೆಯ ಕಾರ್ಮಿಕ ಆಯೋಗ 1931ರಲ್ಲಿ ವರದಿಯೊಪ್ಪಿಸಿ, ಹೆಂಗಸರು ದುಡಿಯುವ ಕಾರ್ಖಾನೆಗಳಲ್ಲಿ ಶಿಶುಗೃಹ ಬೇಕೆಂದಿತು. 1934ರ ಕಾಯ್ದೆ, 50ಕ್ಕಿಂತ ಹೆಚ್ಚು ಹೆಂಗಸರಿರುವ ಕಡೆ ಕೂಸುಗಳಿಗೊಂದು ಕೋಣೆ ಕೊಡಿಸುವ ಅಧಿಕಾರವನ್ನು ಪ್ರಾಂತ ಸರ್ಕಾರಗಳಿಗೆ ಕೊಟ್ಟಿತು. ಸ್ವಾತಂತ್ರ್ಯಾನಂತರದ 1948ರ ಕಾಯ್ದೆ ಅದನ್ನು ಕಡ್ಡಾಯ ಮಾಡಿತು. ಗಾಳಿ ಬೆಳಕಿನ ಕೋಣೆ, ಶಿಶುಪಾಲನೆಯಲ್ಲಿ ತರಬೇತಿ ಪಡೆದ ಹೆಂಗಸು, ಹಾಲು, ನಡುನಡುವೆ ಮೊಲೆಯುಣಿಸಲು ತಾಯಿಗೆ ಬಿಡುವು, ಇವೆಲ್ಲ ಅದರಲ್ಲಿದ್ದವು. 1976ರಲ್ಲಿ 50ರ ಸಂಖ್ಯೆ 30ಕ್ಕೆ ಇಳಿಯಿತು.

ಕಡತಗಳ ನಡುವೆ ಬದುಕುವ ನಮ್ಮಂಥ ಗುಮಾಸ್ತರ ಕಣ್ಣಿಗೆ ಇಲ್ಲೊಂದು ಕೊರತೆ ಎದ್ದು ಕಾಣುತ್ತದೆ. ಕಾಯ್ದೆ ಎಣಿಸಿದ್ದು ಹೆಂಗಸರ ತಲೆಯನ್ನು ಮಾತ್ರ. ಮಾಲೀಕನು ಹೆಂಗಸರ ಸಂಖ್ಯೆಯನ್ನು ಮಿತಿಯ ಕೆಳಗೇ ಇಟ್ಟುಕೊಂಡರೆ ಶಿಶುಗೃಹದ ಖರ್ಚು ತಪ್ಪಿತು! ಕೂಸು ತಾಯಿಗೆ ಮಾತ್ರ ಸೇರಿದ್ದೆಂಬ ಭಾವನೆ ಕಾಯ್ದೆಯ ಎಣಿಕೆಯಲ್ಲಿಯೇ ಅಡಗಿತ್ತು.

ಇನ್ನು ತೊಟ್ಟಿಲ ಮನೆಯೊಳಗೆ ಕೂಸನ್ನು ನಡೆಸಿಕೊಳ್ಳುವ ಬಗೆಗೆ ಬರೋಣ. ಮಾರಿಯಾ ಮಾಂಟೆಸರಿ ರೋಮ್ ನಗರದ ಬಡ ಕಾರ್ಮಿಕರ ವಠಾರವೊಂದರಲ್ಲಿ 1907ರ ಜನವರಿ 6ರಂದು ‘ಮಕ್ಕಳ ಮನೆ’ಯನ್ನು ತೆರೆದರು. ಇಂದು ಮಾಂಟೆಸರಿ ಎಂದರೆ ಸಿರಿವಂತರ ಶಾಲೆಯೆಂಬ ಭಾವನೆಯಿದೆ. ಆದರೆ ಅದು ಹುಟ್ಟಿದ್ದು ತಾಯಿತಂದೆಯರು ಕೆಲಸಕ್ಕೆ ಹೋದಾಗ ಮಕ್ಕಳನ್ನು ನೋಡಿಕೊಳ್ಳುವ ಸ್ಥಳವಾಗಿ. ತಾಯಂದಿರು ಯಾವ ಹೊತ್ತಿನಲ್ಲಾದರೂ ಒಳಗೆ ಬಂದು ನೋಡಬಹುದೆಂಬುದು ಆ ಮನೆಯ ಹೆಗ್ಗಳಿಕೆಯಾಗಿತ್ತು.

ಈ ವಿಚಾರ ಗುಜರಾತಿಗೆ ಬಂದದ್ದು ಗಿಜುಭಾಯಿ ಬಧೇಕಾ ಅವರಿಂದ. ವಕೀಲರಾಗಿದ್ದ ಇವರು ತಮ್ಮ ಮಗನ ಶಿಕ್ಷಣದ ಚಿಂತೆಯಲ್ಲಿ ಮಾಂಟೆಸರಿಯವರನ್ನು ಓದಿ, ವಕೀಲಿ ಬಿಟ್ಟು, 1920ರಲ್ಲಿ ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆಯಲ್ಲಿ ಬಾಲಮಂದಿರವನ್ನು ಆರಂಭಿಸಿದರು. ಎರಡೂವರೆ ವರ್ಷದ ಎಳೆಯರಿಗೂ ಅಲ್ಲಿ ಹೊಡೆತವಿಲ್ಲ, ಗದರಿಕೆಯಿಲ್ಲ, ಗುಮ್ಮನ ಹೆದರಿಕೆಯಿಲ್ಲ. ಜನ ಅವರನ್ನು ‘ಮೂಛಾಳಿ ಮಾ’, ಅಂದರೆ ಮೀಸೆಯುಳ್ಳ ತಾಯಿ, ಎಂದು ಕರೆದರು. ಅವರೊಡನೆ ದುಡಿದ ತಾರಾಬಾಯಿ ಮೋಡಕ್ ಮುಂದೆ ಮಹಾರಾಷ್ಟ್ರದ ಆದಿವಾಸಿ ಹಳ್ಳಿಗಳಿಗೆ ಈ ಕೆಲಸವನ್ನು ಕೊಂಡೊಯ್ದರು. ನಮ್ಮ ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮನವರು 1938ರಲ್ಲಿ ‘ಮಕ್ಕಳ ಕೂಟ’ವನ್ನು ಕಟ್ಟಿದ್ದನ್ನೂ ಇಲ್ಲಿ ನೆನೆಯಬೇಕು. ಹೆದರಿಸಿ ಸುಮ್ಮನಿರಿಸುವುದೂ ಅಫೀಮು ಕೊಟ್ಟು ಸುಮ್ಮನಿರಿಸುವುದೂ ಬಹು ದೂರದ ಸಂಗತಿಗಳಲ್ಲವೆಂಬುದನ್ನು ಗಿಜುಭಾಯಿಯವರಂಥವರು ತೋರಿಸಿಕೊಟ್ಟರು.

1975ರ ಅಕ್ಟೋಬರ್ 2ರಂದು ಅಂಗನವಾಡಿ ಯೋಜನೆ ದೇಶದ 33 ಕಡೆ ಆರಂಭವಾಯಿತು. ಕರ್ನಾಟಕದಲ್ಲಿ ತಿ. ನರಸೀಪುರ, ಗುಜರಾತಿನಲ್ಲಿ ಆಗ ವಡೋದರಾ ಜಿಲ್ಲೆಗೆ ಸೇರಿದ್ದ ಛೋಟಾ ಉದೇಪುರ ಆ ಪಟ್ಟಿಯಲ್ಲಿದ್ದವು. ಅದರಿಂದಾದ ಉಪಕಾರ ಅಪಾರ. ಆದರೆ ಅಂಗನವಾಡಿಯ ಹೊತ್ತು ಮುಗಿಯುವುದು ಬೇಗ. ಕೂಲಿಯ ಹೊತ್ತು ಮುಗಿಯುವುದು ಸಂಜೆಗೆ. ದೆಹಲಿಯಲ್ಲಿ ಮೀರಾ ಮಹಾದೇವನ್ ಅವರು 1969ರಲ್ಲಿ ಕಟ್ಟಡ ಕೂಲಿಗಳ ಕೂಸುಗಳಿಗಾಗಿ ಕೆಲಸದ ಸ್ಥಳದಲ್ಲಿಯೇ ಶಿಶುಗೃಹ ತೆರೆದಿದ್ದರು. ಅಹಮದಾಬಾದಿನಲ್ಲಿ ಇಳಾ ಭಟ್ ಅವರು 1972ರಲ್ಲಿ ಕಟ್ಟಿದ ‘ಸೇವಾ’ ಸಂಸ್ಥೆಯೂ ಇದೇ ದಾರಿ ಹಿಡಿಯಿತು. ಗಿರಣಿಗಳು ಮುಚ್ಚುತ್ತಿದ್ದ 1980ರ ದಶಕದಲ್ಲಿ, ಬೀಡಿ ಸುತ್ತುವ, ಚಿಂದಿ ಆಯುವ, ತರಕಾರಿ ಮಾರುವ ತಾಯಂದಿರ ಮಕ್ಕಳಿಗಾಗಿ ಶಿಶುಪಾಲಕಿಯರ ‘ಸಂಗಿನಿ’ ಸಹಕಾರ ಸಂಘ ಹುಟ್ಟಿತು. ಪಾಲಕಿಯರೇ ಸಂಘದ ಒಡತಿಯರು; ತಾಯಂದಿರು ತಮ್ಮ ಪಾಲಿನ ಶುಲ್ಕ ಕೊಟ್ಟು ಪ್ರಶ್ನಿಸುವ ಹಕ್ಕು ಪಡೆದರು. ಕೂಸನ್ನು ನೋಡಿಕೊಳ್ಳುವವಳಿಗೂ ಮರ್ಯಾದೆಯ ಸ್ಥಾನ ಬೇಕೆಂಬುದನ್ನು ಈ ಸಂಘ ಒಪ್ಪಿಕೊಂಡಿತು. ದಣಿದ, ಅರೆಸಂಬಳದ ಒಬ್ಬಳ ಕೈಗೆ ಇಪ್ಪತ್ತು ಕೂಸುಗಳನ್ನೊಪ್ಪಿಸಿ ವಾತ್ಸಲ್ಯವನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಈಚಿನ ಕಾಯ್ದೆಗಳಲ್ಲಿ ಎರಡನ್ನು ನಾವು ತಿಳಿದಿರಬೇಕು. 2012ರ ಪೋಕ್ಸೋ ಕಾಯ್ದೆಯ ಪ್ರಕಾರ, ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆಯೆಂದು ತಿಳಿದವರು ಯಾರೇ ಆಗಲಿ ಪೋಲೀಸರಿಗೆ ತಿಳಿಸಲೇಬೇಕು. ಕೈಕೆಳಗಿನವರ ತಪ್ಪನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಸೆರೆವಾಸ ಉಂಟು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ, 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಶಿಶುಗೃಹವನ್ನು ಕಡ್ಡಾಯಗೊಳಿಸಿತು. ಈ ಸಲ ಎಣಿಸಿದ್ದು ಗಂಡಸರು ಹೆಂಗಸರು ಎಲ್ಲರನ್ನೂ! ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಕೂಸನ್ನು ನೋಡಬಹುದೆಂದೂ ಅದರಲ್ಲಿತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಇದನ್ನು ಉಳಿಸಿಕೊಂಡಿದೆ. ಕರ್ನಾಟಕದಲ್ಲಿ 2023ರಲ್ಲಿ ಗ್ರಾಮ ಪಂಚಾಯತಿಗಳಲ್ಲಿ ‘ಕೂಸಿನ ಮನೆ’ಗಳು ಆರಂಭವಾದವು. ಹೆಸರೇ ಎಷ್ಟು ಚೆನ್ನಾಗಿದೆ!

ಈ ನೂರು ವರ್ಷಗಳನ್ನು ಒಟ್ಟಿಗಿಟ್ಟು ನೋಡಿದರೆ ಒಂದು ಸೂತ್ರ ಕಾಣುತ್ತದೆ. ಗಿರಣಿಯ ತಾಯಿಗೆ ಮೊಲೆಯುಣಿಸುವ ಬಿಡುವು, ರೋಮಿನ ತಾಯಿಗೆ ತೆರೆದ ಬಾಗಿಲು, ಸೇವಾದ ತಾಯಿಗೆ ಪ್ರಶ್ನಿಸುವ ಹಕ್ಕು, ಇಂದಿನ ಉದ್ಯೋಗಸ್ಥೆಗೆ ನಾಲ್ಕು ಭೇಟಿ. ಕೂಸಿನ ರಕ್ಷಣೆ ಹೆಚ್ಚಿದ ಕಡೆಗಳಲ್ಲೆಲ್ಲ ಹೆತ್ತವರಿಗೆ ಒಳಗೆ ಬರುವ ಅವಕಾಶವೂ ಹೆಚ್ಚಿದೆ. ಆದ್ದರಿಂದ ಬೋಪಾಲಿನಲ್ಲಾಗಲಿ ಬೇರೆಲ್ಲಾಗಲಿ, ಗೋಡೆಯ ಮೇಲಿನ ಬಣ್ಣದ ಚಿತ್ರಗಳನ್ನೂ ಕ್ಯಾಮೆರಾಗಳನ್ನೂ ನೋಡುವ ಮುನ್ನ, ‘ಹೇಳದೆ ಕೇಳದೆ ನಡುಹಗಲಿನಲ್ಲಿ ಬರಬಹುದೇ?’ ಎಂದು ವಿಚಾರಿಸೋಣ. ಬರಬಾರದೆಂದರೆ ಬೇರೆ ಕಡೆ ನೋಡುವುದು ಲೇಸು. ಎಷ್ಟು ಕೂಸುಗಳಿಗೆ ಎಷ್ಟು ಪಾಲಕಿಯರು, ಅವರು ಮೇಲಿಂದ ಮೇಲೆ ಬದಲಾಗುತ್ತಾರೆಯೇ, ಮಗುವನ್ನು ಯಾರ ಕೈಗೆ ಒಪ್ಪಿಸಬೇಕೆಂಬ ಪಟ್ಟಿ ಇದೆಯೇ ಎಂದೂ ಕೇಳೋಣ.

ಕನ್ನಡಿಗರಾದ ನಮಗೆ ಇನ್ನೊಂದು ಕಷ್ಟವಿದೆ. ನಮ್ಮ ಎರಡು ವರ್ಷದ ಕೂಸು ಬಲ್ಲದ್ದು ಕನ್ನಡ. ಆಯಾ ಬಲ್ಲದ್ದು ಗುಜರಾತಿ. ‘ನೀರು’, ‘ಉಚ್ಚೆ’, ‘ನೋವು’ ಎಂದರೆ ಅವಳಿಗೆ ತಿಳಿಯದು. ಅಳು ನಿಂತ ಮೇಲೆ ‘ಹೊಂದಿಕೊಂಡಿದೆ’ ಎನ್ನುತ್ತಾರೆ. ಅಂಥ ಹತ್ತಿಪ್ಪತ್ತು ಶಬ್ದಗಳನ್ನು ಗುಜರಾತಿ ಲಿಪಿಯಲ್ಲಿ ಬರೆದು ಕೊಡುವುದು ಹತ್ತು ನಿಮಿಷದ ಕೆಲಸ. ಸಂಜೆ ಕೂಸಿನ ಸಂಗಡ ಕುಳಿತು, ಮೈಯ ಪ್ರತಿಯೊಂದು ಅಂಗದ ಹೆಸರನ್ನೂ ಸಂಕೋಚವಿಲ್ಲದೆ ಕನ್ನಡದಲ್ಲಿ ಕಲಿಸಿ, ಅದು ಹೇಳುವುದನ್ನು ಕೇಳುವುದೂ ಅಷ್ಟೇ ಮುಖ್ಯ. ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098 ಇದೆ. ಸಂಘದ ಹಿರಿಯರು, ಬಿಡುವಿರುವ ನಿವೃತ್ತರು, ತಮ್ಮ ಬಡಾವಣೆಯ ತೊಟ್ಟಿಲ ಮನೆಗಳಿಗೆ ವಾರಕ್ಕೊಮ್ಮೆ ಹೋಗಿ ಬರುವ ಪರಿಪಾಠ ಇಟ್ಟುಕೊಂಡರೆ, ಊರಿನಲ್ಲುಳಿದ ಅಜ್ಜಿಯರ ಕೆಲಸವನ್ನು ಕಿಂಚಿತ್ತಾದರೂ ಮಾಡಿದಂತಾಗುತ್ತದೆ.